ಝಾಂಜಿಬಾರ್‌ನಲ್ಲಿ ಜಲಸುರಕ್ಷತೆ ಕಲಿಸಲು ಹೊರಡುವ ಮೊದಲು ನಾನು ಏನು ಕಲಿತಿರಬೇಕು?

ಪ್ರಶ್ನೆ: ಶರಾವತಿ ದಂಡೆ

ಮುಂದಿನ ಜೂನ್‌ನಿಂದ ಮೂರು ತಿಂಗಳು ಟಾಂಜಾನಿಯಾದ ಝಾಂಜಿಬಾರ್‌ನ ಉಂಗುಜಾ ದ್ವೀಪದ ಪೂರ್ವ ಕರಾವಳಿಯಲ್ಲಿ, ಶಾಲೆಯ ಹೆಣ್ಣುಮಕ್ಕಳಿಗೆ ಜಲಸುರಕ್ಷತೆ ಕಲಿಸಲು ಸ್ವಯಂಸೇವಕಿಯಾಗಿ ಹೋಗುವವಳಿದ್ದೇನೆ. ಹೊನ್ನಾವರದ ಹತ್ತಿರ ಹೊಳೆಯಲ್ಲೇ ಈಜು ಕಲಿತವಳು, ಕಾಲೇಜಿನ ಸ್ಪರ್ಧೆಗಳಲ್ಲಿ ಭಾಗವಹಿಸಿದ್ದೇನೆ. ಕರೆಸಿಕೊಳ್ಳುತ್ತಿರುವ ಸಂಸ್ಥೆಯವರು ಈಜು ಬಂದರೆ ಸಾಕು, ಉಳಿದದ್ದನ್ನು ಇಲ್ಲಿ ಎರಡು ದಿನದಲ್ಲಿ ಹೇಳಿಕೊಡುತ್ತೇವೆ ಎಂದು ಬರೆದಿದ್ದಾರೆ. ನನಗೇಕೋ ಅದು ಸಾಲದೆನಿಸುತ್ತಿದೆ. ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಉಪ್ಪುನೀರು

ನಿಮಗೆ ಅನಿಸಿದ್ದು ಸರಿ. ದ್ವೀಪದ ಉತ್ತರ ತುದಿಯ ನುಂಗ್ವಿಯಲ್ಲಿ ಇಂಥದೇ ಕೆಲಸದಲ್ಲಿ ನಾನೂ ಕೆಲವು ತಿಂಗಳು ಇದ್ದೆ. ಸ್ಪರ್ಧೆಯ ಈಜು ಅಲ್ಲಿ ಬಹುಮಟ್ಟಿಗೆ ಕೆಲಸಕ್ಕೆ ಬರಲಿಲ್ಲ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅಲ್ಲಿನ ಕಡಲಿನ ಭರತ (ಉಬ್ಬರ), ಇಳಿತಗಳ ಅಂತರ ಸುಮಾರು 4 ಮೀಟರ್, ಅಂದರೆ ನಮ್ಮ ಕರಾವಳಿಯ ಸರಿಸುಮಾರು ಇಮ್ಮಡಿ. ಪೂರ್ವ ದಂಡೆಯ ಪಾಜೆ, ಜಂಬಿಯಾನಿ ಊರುಗಳ ಕಡೆ ಇಳಿತದಲ್ಲಿ ಕಡಲು ಬಹುದೂರ ಸರಿದಾಗ ಹೆಂಗಸರು ಕಡಲಪಾಚಿ ಬೆಳೆಯುವ ಗೂಟಗಳ ಸಾಲಿನವರೆಗೆ ನಡೆದೇ ಹೋಗುತ್ತಾರೆ. ಭರತ ಏರತೊಡಗಿದಾಗ ಮೊದಲು ತುಂಬುವುದು ದಡದ ಕಡೆಯ ತಗ್ಗುಗಳಾದ್ದರಿಂದ, ಹಿಂದಿರುಗುವ ದಾರಿಯೇ ಎದೆಮಟ್ಟದ ನೀರಾಗಿಬಿಡಬಹುದು. ನೀವು ಹೋಗುವ ತಿಂಗಳುಗಳಲ್ಲಿ ‘ಕುಸಿ’ ಎಂಬ ಆಗ್ನೇಯ ಮಾರುತ ನೇರವಾಗಿ ಪೂರ್ವ ದಂಡೆಗೇ ಬೀಸುತ್ತದೆ. ಹೀಗಾಗಿ ಪಾಠದ ವೇಳೆಯನ್ನು ಶಾಲೆಯ ಗಂಟೆಯಲ್ಲ, ಉಬ್ಬರವಿಳಿತದ ಕೋಷ್ಟಕ ನಿರ್ಧರಿಸಬೇಕು.

ಕಲಿಸಬೇಕಾದದ್ದು ಈಜಿಗಿಂತ ಮೊದಲು ತೇಲುವುದನ್ನು. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಬಿರಡೆ ಬಿಗಿದು, ಎದೆಗೆ ಅವುಚಿಕೊಂಡು ಅಂಗಾತ ಮಲಗಿಸುತ್ತಿದ್ದೆವು. ಹತ್ತು ವರ್ಷದ ಹುಡುಗಿಯೊಬ್ಬಳು ಮೂರು ದಿನ ಕುತ್ತಿಗೆಯನ್ನು ಸೆಟೆಸಿಕೊಂಡೇ ಇದ್ದು, ನಾಲ್ಕನೆಯ ದಿನ ಕಿವಿ ನೀರಿನೊಳಗೆ ಹೋಗಲು ಬಿಟ್ಟಳು. ಆ ಕ್ಷಣಕ್ಕೆ ಸೊಂಟ ತಾನಾಗಿಯೇ ಮೇಲೆ ಬಂತು. ಅವರು ನೀರಿಗಿಳಿಯುವುದು ಮೈತುಂಬ ಬಟ್ಟೆಯಲ್ಲಿ. ನೀವೂ ಇಲ್ಲಿಯೇ ಉದ್ದ ತೋಳಿನ ಅಂಗಿ, ಪೈಜಾಮದಲ್ಲಿ ಇಳಿದು ಅಭ್ಯಾಸ ಮಾಡಿ, ಒದ್ದೆ ಬಟ್ಟೆಯ ಭಾರ ಗೊತ್ತಾಗುತ್ತದೆ.

ನುಂಗ್ವಿಯಲ್ಲಿ ‘ಪಂಜೆ ಪ್ರಾಜೆಕ್ಟ್’ ಎಂಬ ಯೋಜನೆಯವರು ಮೈಮುಚ್ಚುವ ಈಜುಡುಗೆ ಕೊಟ್ಟು ಹೆಣ್ಣುಮಕ್ಕಳಿಗೆ ಕಲಿಸಿದ್ದರು. ಊರಿನ ಹೆಂಗಸರೇ ಕಲಿಸುವವರಾದರೆ ತಾಯಂದಿರು ಒಪ್ಪುತ್ತಾರೆ. 2011ರ ಸೆಪ್ಟೆಂಬರ್ 10ರಂದು ಮಿತಿಮೀರಿ ಜನರನ್ನು ತುಂಬಿಕೊಂಡು ಪಕ್ಕದ ಪೆಂಬಾ ದ್ವೀಪಕ್ಕೆ ಹೊರಟಿದ್ದ ‘ಸ್ಪೈಸ್ ಐಲ್ಯಾಂಡರ್’ ಹಡಗು ಮುಳುಗಿದ್ದನ್ನು ಅಲ್ಲಿ ಯಾರೂ ಮರೆತಿಲ್ಲ, ಆದ್ದರಿಂದ ಕಡಲು ಅಪಾಯಕಾರಿ ಎಂದು ಅವರಿಗೆ ಉಪದೇಶಿಸುವ ಅಗತ್ಯ ಬೀಳುವುದಿಲ್ಲ.

ಉತ್ತರ 2: ನಿವೃತ್ತ ದಾದಿ

ಹೊರಡುವ ಮುನ್ನ ಪ್ರಥಮ ಚಿಕಿತ್ಸೆಯ ತರಬೇತಿ ಪಡೆಯಿರಿ, ಆದರೆ ಎದೆ ಒತ್ತುವುದನ್ನು ಮಾತ್ರ ಹೇಳಿಕೊಡುವ ಶಿಬಿರ ಸಾಲದು. ಮುಳುಗಿದವರ ಹೃದಯ ನಿಲ್ಲುವುದು ಉಸಿರು ನಿಂತುದರ ಪರಿಣಾಮವಾಗಿ. ಆದ್ದರಿಂದ ಬಾಯಿಂದ ಉಸಿರು ಕೊಡುವುದೇ ಮೊದಲ ಕೆಲಸ. ಯುರೋಪಿನ ಮಾರ್ಗಸೂಚಿಯಂತೆ ಆರಂಭದಲ್ಲಿ ಐದು ಉಸಿರು, ಆಮೇಲೆ 30 ಒತ್ತುಗಳಿಗೆ ಎರಡು ಉಸಿರು. ನಮ್ಮ ಊರುಗಳಲ್ಲಿ ಇಂದಿಗೂ ಮಾಡುವಂತೆ ಹೊಟ್ಟೆ ಹಿಸುಕಿ ನೀರು ತೆಗೆಯುವುದರಿಂದ ಸಮಯ ಹಾಳಾಗುತ್ತದೆ, ವಾಂತಿಯಾಗಿ ಅದು ಶ್ವಾಸಕೋಶಕ್ಕೂ ಇಳಿಯಬಹುದು.

ಮುಳುಗುತ್ತಿರುವವರ ಕಡೆಗೆ ನೀವೇ ಹಾರುವುದು ಕಟ್ಟಕಡೆಯ ಉಪಾಯ. ಕೋಲು ಚಾಚಿ, ಹಗ್ಗ ಅಥವಾ ಅದೇ ಖಾಲಿ ಕ್ಯಾನನ್ನು ಎಸೆಯಿರಿ. ಚೆನ್ನಾಗಿ ಈಜುವವರಿಗೇ ಈ ತಾಳ್ಮೆ ಕಡಿಮೆ ಎಂಬುದು ನನ್ನ ಅನುಭವ, ಬೇಸರಿಸಬೇಡಿ.

ಮರುಮಾತು: ಶರಾವತಿ ದಂಡೆ

ಇಬ್ಬರಿಗೂ ಕೃತಜ್ಞತೆಗಳು. ಬೇಸರವಿಲ್ಲ, ಹಾರುವವರ ಪೈಕಿ ನಾನೂ ಒಬ್ಬಳು. ಒಬ್ಬ ಶಿಕ್ಷಕಿಗೆ ಎಷ್ಟು ಮಕ್ಕಳು, ದಡದಲ್ಲಿ ನಿಂತು ನೋಡುವವರು ಯಾರು, ಸ್ವಾಹಿಲಿ ಬಲ್ಲ ಸ್ಥಳೀಯ ಶಿಕ್ಷಕಿ ಪ್ರತಿ ಪಾಠದಲ್ಲೂ ಇರುತ್ತಾರೆಯೇ ಎಂದು ಸಂಸ್ಥೆಗೆ ಇಂದೇ ಬರೆದು ಕೇಳಿದ್ದೇನೆ. ಉತ್ತರ ಬರುವವರೆಗೆ ಟಿಕೆಟ್ ಕಾಯ್ದಿರಿಸುವುದಿಲ್ಲ.