ದೇವರ ಮೇಲಿನ ಅನುಮಾನ ನನ್ನದಾ, ಓಸಿಡಿಯದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ. ಊರು ಧಾರವಾಡ, ಕೆಲಸ ಬೆಂಗಳೂರಿನಲ್ಲಿ, ಪಿಜಿಯಲ್ಲಿ ಇದ್ದೇನೆ. ನಿನಗಿರುವುದು ಓಸಿಡಿ, ಅಂದರೆ ಗೀಳು ಕಾಯಿಲೆ, ಅಂತ ಹೋದ ವರ್ಷ ಡಾಕ್ಟರ್ ಹೇಳಿದರು. ಗುಡಿಯಲ್ಲಿ ಕೈ ಮುಗಿದರೆ ಸಾಕು, ದೇವರ ಬಗ್ಗೆ ಬಾಯಲ್ಲಿ ಹೇಳಲಾಗದ ಮಾತುಗಳು ತಲೆಗೆ ಬರುತ್ತವೆ. ಆಗ 21 ಸಲ ಗಲ್ಲ ಗಲ್ಲ ಬಡಿದುಕೊಂಡು ತಪ್ಪಾಯ್ತು ಅನ್ನಬೇಕು. ನಡುವೆ ಮತ್ತೆ ಬಂದರೆ ಮೊದಲಿನಿಂದ. ಇತ್ತೀಚೆಗೆ ಇನ್ನೊಂದು ಶುರುವಾಗಿದೆ. ದೇವರು ಇದ್ದಾನೋ ಇಲ್ಲವೋ ಅನ್ನುವ ಅನುಮಾನ. ಇದು ನಾನು ನಿಜವಾಗಿ ಯೋಚಿಸಿ ಬಂದ ಅನುಮಾನವಾ, ಕಾಯಿಲೆಯಾ? ಎಲ್ಲ ಬಿಟ್ಟುಬಿಟ್ಟರೆ ಆರಾಮಾಗುತ್ತೀನಾ? ಮನೆಯಲ್ಲಿ ಕೇಳುವ ಹಾಗಿಲ್ಲ. ಇದನ್ನು ದಾಟಿದವರು ಯಾರಾದರೂ ಇದ್ದರೆ ಹೇಳಿ.

ಉತ್ತರ: ಉಡುಪಿ ಕಡೆಯವರು, 34 ವರ್ಷ

ತಂಗಿ, ನೀನು ಬರೆದದ್ದು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ತಪ್ಪಾಯ್ತು ಅನ್ನುವ ಕಡೆ ಗಾಯತ್ರಿ ಅಂತ ಹಾಕಿದರೆ ಅದು ನನ್ನದೇ ಕತೆ.

ನನಗೆ ಶುರುವಾದದ್ದು ಪಿಯುಸಿಯಲ್ಲಿ. ಸಂಧ್ಯಾವಂದನೆಗೆ ಕೂತರೆ ಏಳಲು ಆಗುತ್ತಿರಲಿಲ್ಲ. ಬೆರಳ ಗೆಣ್ಣಿನ ಮೇಲೆ ಜಪ ಎಣಿಸುತ್ತಿದ್ದೆ. ಅರವತ್ತರ ಹತ್ತಿರ ಬಂದಾಗ ಒಂದು ಅಕ್ಷರ ಸರಿಯಾಗಿ ಬಂತೋ ಇಲ್ಲವೋ ಅನಿಸುವುದು. ಮತ್ತೆ ಒಂದರಿಂದ. ಅರ್ಘ್ಯ ಬಿಡುವಾಗ ಕೆಟ್ಟ ಯೋಚನೆ ಬಂದರೆ ಆ ನೀರು ಮೈಲಿಗೆ. ಪಂಚಪಾತ್ರೆ ಖಾಲಿ ಮಾಡಿ ಬಾವಿಕಟ್ಟೆಗೆ ಹೋಗಿ ಬೇರೆ ನೀರು ತರಬೇಕು. ಕೆಲವು ದಿನ ಎಂಟು ಸಲ, ಹತ್ತು ಸಲ. ಅಮ್ಮ ದೋಸೆ ಹೊಯ್ದಿಟ್ಟು ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೂ ಹೇಳುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ನಾನು ಏಳುವ ಹೊತ್ತಿಗೆ ದೋಸೆ ಆರಿ ಬಿರುಸಾಗಿರುತ್ತಿತ್ತು, ಏಳೂವರೆ ಬಸ್ಸು ಹೋಗಿರುತ್ತಿತ್ತು. ನೆಂಟರು ಬಂದಾಗ ಮಾಣಿಗೆ ಎಷ್ಟು ಭಕ್ತಿ ನೋಡಿ ಅಂತ ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳುವಾಗ ಅಳು ಬರುತ್ತಿತ್ತು. ಅಲ್ಲಿದ್ದದ್ದು ಬರೀ ಹೆದರಿಕೆ.

ಪೂಜೆಯ ಕೊನೆಗೆ "ಮಂತ್ರಹೀನಂ ಕ್ರಿಯಾಹೀನಂ ಭಕ್ತಿಹೀನಂ" ಅನ್ನುತ್ತೇವಲ್ಲ. ಮಂತ್ರ ತಪ್ಪಿರಬಹುದು, ಕ್ರಮ ತಪ್ಪಿರಬಹುದು, ಭಕ್ತಿಯೇ ಇಲ್ಲದಿರಬಹುದು, ಆದರೂ ಈ ಪೂಜೆ ಪೂರ್ತಿಯಾಗಲಿ ಅಂತ ಕೇಳಿಕೊಳ್ಳುವುದು. ಮನುಷ್ಯರಿಗೆ ತಪ್ಪುತ್ತದೆ ಅಂತ ಗೊತ್ತಿದ್ದೇ ಹಿರಿಯರು ಇಟ್ಟ ಮಾತು ಅದು. ಕಾಯಿಲೆ ಅದನ್ನೂ ಬಿಡಲಿಲ್ಲ. ಆ ಶ್ಲೋಕವನ್ನೇ ತಪ್ಪು ಹೇಳಿದೆನೇನೋ ಅಂತ ಹನ್ನೊಂದು ಸಲ ಹೇಳುತ್ತಿದ್ದೆ.

ಅನುಮಾನ ಬಂದದ್ದು ಆಮೇಲೆ, ಡಿಗ್ರಿ ಮುಗಿದ ಮೇಲೆ. ಇಷ್ಟು ಮಾಡಿದರೂ ಸಮಾಧಾನ ಕೊಡದವನು ಇದ್ದಾನಾದರೂ ಹೌದಾ? ಇದು ಒಳ್ಳೆಯ ಪ್ರಶ್ನೆಯೇ, ಈಗಲೂ ನನಗೆ ಹಾಗೇ ಅನಿಸುತ್ತದೆ. ಆದರೆ ನಾನು ಅದರ ಜೊತೆ ನಡೆದುಕೊಂಡ ರೀತಿ ಬೇರೆ. ರಾತ್ರಿ ಎರಡು ಗಂಟೆವರೆಗೆ ಓದು, ವಿಡಿಯೋ. ಇದ್ದಾನೆ ಅನ್ನುವವರದ್ದು ಒಂದು, ಇಲ್ಲ ಅನ್ನುವವರದ್ದು ಒಂದು. ಒಂದು ಗಟ್ಟಿ ವಾದ ಸಿಕ್ಕಿದರೆ ಹತ್ತು ನಿಮಿಷ ಎದೆ ಹಗುರ. ಮತ್ತೆ ಒಂದು "ಆದರೆ" ಬರುವುದು, ಮತ್ತೆ ಹುಡುಕಾಟ. ಊರಿನ ಹಿರಿಯ ಆಚಾರ್ಯರೊಬ್ಬರನ್ನು ಅದದೇ ಪ್ರಶ್ನೆ ಎಷ್ಟು ಸಲ ಕೇಳಿದೆನೋ. ಕಡೆಗೆ ಅವರು ನನ್ನ ಕೈ ಹಿಡಿದು, "ಮಗಾ, ಮೊದಲ ಸಲವೇ ಉತ್ತರ ಹೇಳಿದ್ದೇನೆ. ಇನ್ನು ಹೇಳುವುದಿಲ್ಲ. ನಿನಗೆ ಬೇಕಾಗಿರುವುದು ಉತ್ತರ ಅಲ್ಲ" ಅಂದರು. ಅವತ್ತು ಸಿಟ್ಟು ಬಂದಿತ್ತು. ಪಂಚಪಾತ್ರೆಯ ನೀರು ಚೆಲ್ಲಿ ಬೇರೆ ನೀರು ತರುವುದೂ, ಒಂದು ವಾದ ಬಿಟ್ಟು ಇನ್ನೊಂದು ವಾದ ಹುಡುಕುವುದೂ ಒಂದೇ ಕೆಲಸ ಅಂತ ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು.

ಎಲ್ಲ ಬಿಟ್ಟರೆ ಆರಾಮಾಗುತ್ತೀನಾ ಅಂತ ಕೇಳಿದ್ದೀಯ. ನಾನು ಬಿಟ್ಟು ನೋಡಿದೆ. 2016ರಲ್ಲಿ ಜನಿವಾರ ತೆಗೆದಿಟ್ಟು ಜಪ ನಿಲ್ಲಿಸಿದೆ. ಎರಡು ದಿನ ಹಾಯಾಗಿತ್ತು. ಮೂರನೇ ದಿನಕ್ಕೆ, ತೆಗೆದದ್ದು ಸರಿಯಾ, ನಿಜವಾಗಿ ನಂಬಿಕೆ ಹೋಗಿದೆಯಾ, ಹೋಗಿದ್ದರೆ ಗುಡಿ ಮುಂದೆ ಹೋಗುವಾಗ ಕೈ ಯಾಕೆ ಎದೆಗೆ ಹೋಗುತ್ತದೆ ಅಂತ ಶುರುವಾಯಿತು. ಮೊದಲು ನಾನು ಪೂರ್ತಿ ಭಕ್ತನಾ ಅಂತ ಪರೀಕ್ಷೆ ಮಾಡುತ್ತಿದ್ದೆ, ಆಮೇಲೆ ಪೂರ್ತಿ ನಾಸ್ತಿಕನಾ ಅಂತ. ಮನೆಯಲ್ಲಿ ಗ್ರಹಚಾರ ಅಂತ ಹೋಮವೂ ಆಯಿತು. ಅದಾದ ಮೇಲೇ ಮನೋವೈದ್ಯರ ಹತ್ತಿರ ಹೋದದ್ದು. ಮಾತ್ರೆ ಕೊಟ್ಟರು, ಒಬ್ಬ ಥೆರಪಿಸ್ಟ್ ಮೇಡಂ ಹತ್ತಿರ ಕಳಿಸಿದರು.

ಮತ್ತೆ ಸಂಧ್ಯಾವಂದನೆ ಮಾಡಬೇಕು ಅಂತ ನನಗೆ ಆಸೆ ಇತ್ತು. ಅದನ್ನು ಹೆದರುತ್ತಲೇ ಹೇಳಿದೆ. ಅವರು ನಗಲಿಲ್ಲ. "ನಿಮ್ಮ ತಂದೆ ಎಷ್ಟು ಹೊತ್ತಲ್ಲಿ ಮುಗಿಸ್ತಾರೆ?" ಅಂತ ಕೇಳಿದರು. ಇಪ್ಪತ್ತು ನಿಮಿಷ ಅಂದೆ. "ಹಾಗಾದ್ರೆ ನಿಮಗೂ ಇಪ್ಪತ್ತೇ. ಎಣಿಕೆ ತಪ್ಪಿದರೂ ಹಿಂದೆ ಹೋಗೋ ಹಾಗಿಲ್ಲ" ಅಂದರು. ಮೊದಲ ದಿನ ಫೋನಲ್ಲಿ ಅಲಾರಂ ಇಟ್ಟು ಕೂತೆ. ನಡುವೆ ಯೋಚನೆ ಬಂತು, ಬಹಳ ಹೊಲಸಾದದ್ದೇ. ನೀರು ಬದಲಿಸಲಿಲ್ಲ. ಅಲಾರಂ ಹೊಡೆದಾಗ ಎದ್ದೆ. ಕೈ ನಡುಗುತ್ತಿತ್ತು, ಅಂಗಿಯ ಗುಂಡಿ ಹಾಕಲು ಆಗಲಿಲ್ಲ. ಅಪ್ಪನಿಗೆ ಏನಾದರೂ ಆಗುತ್ತದೆ ಅಂತ ಮಧ್ಯಾಹ್ನದವರೆಗೆ ಹೊಟ್ಟೆಯೊಳಗೆ ಕಲ್ಲು ಇದ್ದ ಹಾಗೆ. ಫೋನ್ ಮಾಡಿ ವಿಚಾರಿಸಬಾರದು ಅಂತ ಮೇಡಂ ಹೇಳಿದ್ದರು, ಮಾಡಲಿಲ್ಲ. ಸಂಜೆ ಹೊತ್ತಿಗೆ ಆ ಕಲ್ಲು ತಾನೇ ಸಣ್ಣದಾಗಿತ್ತು. ನಾನು ಏನೂ ಮಾಡದೆ ಅದು ಸಣ್ಣದಾದದ್ದು ಅದೇ ಮೊದಲು.

ಹೆದರಿಕೆ ತರುವುದರ ಎದುರು ನಿಂತು, ಅದನ್ನು ಕಳೆದುಕೊಳ್ಳಲು ಮಾಡುವ ಕೆಲಸ ಮಾತ್ರ ಮಾಡದೆ ಇರುವುದು. ಇದಕ್ಕೆ ಇಆರ್‌ಪಿ ಅನ್ನುತ್ತಾರೆ. 1966ರಲ್ಲಿ ಲಂಡನ್‌ನಲ್ಲಿ ವಿಕ್ಟರ್ ಮೇಯರ್ ಅನ್ನುವವರು ಇಬ್ಬರಿಗೆ ಹೀಗೆ ಚಿಕಿತ್ಸೆ ಮಾಡಿ ಅದರ ಬಗ್ಗೆ ಬರೆದರು. ಆ ಇಬ್ಬರಲ್ಲಿ ಒಬ್ಬರನ್ನು ಕಾಡುತ್ತಿದ್ದದ್ದು ದೇವರನ್ನು ಬೈಯುವಂಥ ಯೋಚನೆಗಳೇ. ಮೇಡಂ ಇದನ್ನು ಹೇಳಿದ ದಿನ ಮೊದಲ ಸಲ ನನಗೆ ನಾನೊಬ್ಬನೇ ಪಾಪಿಯಲ್ಲ ಅನಿಸಿತು. ನಿನಗೂ ಅದು ಗೊತ್ತಿರಲಿ ಅಂತ ಬರೆದೆ.

ಈಗ ನಿನ್ನ ಪ್ರಶ್ನೆ. ನಾನು ಕಂಡ ಹಾಗೆ ನಿಜವಾದ ಅನುಮಾನಕ್ಕೆ ಅವಸರ ಇಲ್ಲ. ಊಟ ಮಾಡಿ ಬರ್ತೀನಿ ಅಂದರೆ ಕಾಯುತ್ತದೆ, ನಾಳೆ ಅಂದರೂ ಕಾಯುತ್ತದೆ. ಕಾಯಿಲೆಯ ಅನುಮಾನಕ್ಕೆ ಈಗಲೇ ಬೇಕು, ನೂರಕ್ಕೆ ನೂರು ಬೇಕು, ಉತ್ತರ ಸಿಗದಿದ್ದರೆ ಉಸಿರು ಕಟ್ಟುತ್ತದೆ. ಆದರೆ ಒಂದು ಎಚ್ಚರ. ಇದು ಯಾವ ಅನುಮಾನ ಅಂತ ದಿನಕ್ಕೆ ಐವತ್ತು ಸಲ ಅಳೆಯುತ್ತ ಕೂತರೆ ಅದೂ ಗೀಳೇ. ಎಷ್ಟೋ ಸಲ ಎರಡೂ ಬೆರೆತಿರುತ್ತವೆ. ನನಗೆ ಈಗಲೂ ಬಿಡಿಸಲು ಬರುವುದಿಲ್ಲ. ಗೊತ್ತಿಲ್ಲ ಅಂದುಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತೇನೆ. ಕಾಯಿಲೆ ಜೋರಾಗಿರುವಾಗ ನಂಬುತ್ತೇನೆ ಅಂತಲೋ ಬಿಡುತ್ತೇನೆ ಅಂತಲೋ ದೊಡ್ಡ ತೀರ್ಮಾನ ಮಾಡಬೇಡ. ಹರಕೆಯೂ ಬೇಡ, ದೇವರ ಫೋಟೋ ತೆಗೆದಿಡುವುದೂ ಬೇಡ. ಆ ಪ್ರಶ್ನೆ ಎಲ್ಲಿಗೂ ಓಡಿಹೋಗುವುದಿಲ್ಲ.

ಈಗ ಜನಿವಾರ ಮತ್ತೆ ಹಾಕಿದ್ದೇನೆ. ಅನುಮಾನ ಹೋಗಿಲ್ಲ. ಕೆಲವು ದಿನ ಜಪ ಮಾಡುವಾಗ ಯಾರೋ ಕೇಳುತ್ತಿದ್ದಾರೆ ಅನಿಸುತ್ತದೆ, ಕೆಲವು ದಿನ ಏನೂ ಇಲ್ಲ. ಎರಡೂ ದಿನ ಇಪ್ಪತ್ತು ನಿಮಿಷಕ್ಕೆ ಏಳುತ್ತೇನೆ.

ಉತ್ತರ: ಮಂಗಳೂರಿನಿಂದ, ಗೃಹಿಣಿ

ನಾನು ಮುಸ್ಲಿಂ, ಆದರೆ ಓದುವಾಗ ನಮ್ಮ ಮನೆಯದೇ ವಿಷಯ ಅನಿಸಿತು. ನಮ್ಮಲ್ಲಿ ಇದಕ್ಕೆ ವಸ್ವಾಸ್ ಅನ್ನುತ್ತಾರೆ. ನನ್ನದು ವುಝೂ, ಅಂದರೆ ನಮಾಝ್‌ಗೆ ಮೊದಲು ಕೈ ಕಾಲು ಮುಖ ತೊಳೆಯುವುದು, ಅದನ್ನು ಮಾಡುವುದರಲ್ಲಿ. ಮೊಣಕೈ ಒದ್ದೆಯಾಯಿತಾ ಅಂತ ಮತ್ತೆ ಮತ್ತೆ. ಒಮ್ಮೆ ಮೇಲಿನ ಟ್ಯಾಂಕಿನ ನೀರೇ ಮುಗಿದು ಮನೆಯಲ್ಲಿ ಜಗಳ ಆಗಿತ್ತು. ನಮಾಝ್‌ನಲ್ಲಿ ನಿಂತರೆ, ನನಗೆ ಈಮಾನ್, ಅಂದರೆ ದೇವರ ಮೇಲೆ ನಂಬಿಕೆ, ಇದೆಯಾ ಅನ್ನುವ ಪ್ರಶ್ನೆ.

ನನಗೆ ಸಿಕ್ಕ ಉಸ್ತಾದ್, ಅಂದರೆ ಧರ್ಮ ಕಲಿಸುವ ಗುರುಗಳು, ಒಳ್ಳೆಯವರು. ಎರಡು ಮಾತು ಹೇಳಿದರು. ಒಂದು, ಖಚಿತವಾಗಿ ಇದ್ದದ್ದು ಬರೀ ಅನುಮಾನದಿಂದ ಹೋಗುವುದಿಲ್ಲ ಅನ್ನುವ ನಿಯಮ ನಮ್ಮ ಫಿಕ್ಹ್‌ನಲ್ಲೇ, ಅಂದರೆ ಧರ್ಮದ ಕಾನೂನಿನಲ್ಲೇ, ಇದೆ. ಇನ್ನೊಂದು ಹದೀಸ್, ಅಂದರೆ ಪ್ರವಾದಿಯವರ ಮಾತು. ಬಾಯಿ ಬಿಟ್ಟು ಹೇಳಲಾಗದಂಥ ಯೋಚನೆಗಳು ಬರುತ್ತವೆ ಅಂತ ಸಹಾಬಿಗಳು, ಅಂದರೆ ಪ್ರವಾದಿಯವರ ಸಂಗಾತಿಗಳು, ಅವರ ಹತ್ತಿರ ಹೇಳಿಕೊಂಡಾಗ, ಅದೇ ಸ್ಪಷ್ಟವಾದ ಈಮಾನ್ ಅಂದರಂತೆ. ಅಂದರೆ ಆ ಯೋಚನೆ ನಿಮಗೆ ಅಷ್ಟು ನೋವು ಕೊಡುತ್ತಿದೆ ಅಲ್ವಾ, ಅದಕ್ಕೆ. ಕೇಳಿ ಬಹಳ ಅತ್ತೆ.

ಆದರೆ ನಿಜ ಹೇಳುತ್ತೇನೆ, ಆ ಮಾತಿನಿಂದ ಕಾಯಿಲೆ ವಾಸಿಯಾಗಲಿಲ್ಲ. ದಿನಾ ಅದನ್ನೇ ನೆನಪಿಸಿಕೊಂಡು ಸಮಾಧಾನ ಮಾಡಿಕೊಳ್ಳುವುದು ಇನ್ನೊಂದು ಅಭ್ಯಾಸವಾಯಿತು. ಉಸ್ತಾದರೇ ಡಾಕ್ಟರ ಹತ್ತಿರ ಹೋಗು ಅಂತ ಕಳಿಸಿದರು. ಈಗ ಒಂದು ತಂಬಿಗೆ ನೀರಿನಲ್ಲಿ ವುಝೂ ಮುಗಿಸುತ್ತೇನೆ. ನಿಮ್ಮ ಡಾಕ್ಟರ್ ಬೇರೆ ಧರ್ಮದವರಾದರೂ ಚಿಂತೆ ಬೇಡ, ನಿಮ್ಮಲ್ಲಿ ಸಾಧಾರಣವಾಗಿ ಎಲ್ಲರೂ ಹೇಗೆ ಮಾಡುತ್ತಾರೆ ಅಂತ ಅವರಿಗೆ ತಿಳಿಸಿ.

ಉತ್ತರ: ಹುಬ್ಬಳ್ಳಿಯ ಒಬ್ಬ ತಾಯಿ

ಮಗಳೇ, ನನ್ನ ಮಗನಿಗೆ ಇದೇ ಇದೆ. ದಿನಾ "ಅಮ್ಮಾ, ದೇವರು ನನ್ನ ಮೇಲೆ ಸಿಟ್ಟಾಗಿಲ್ಲ ಅಲ್ಲ?" ಅಂತ ಕೇಳುತ್ತಿದ್ದ. ಇಲ್ಲಪ್ಪ ಅನ್ನುತ್ತಿದ್ದೆ. ಐದು ನಿಮಿಷಕ್ಕೆ ಮತ್ತೆ ಬರುತ್ತಿದ್ದ. ರೊಟ್ಟಿ ಬಡಿಯುವಾಗ, ಸ್ನಾನದ ಮನೆ ಬಾಗಿಲ ಹೊರಗೆ ನಿಂತು, ನಡುರಾತ್ರಿ ಎಬ್ಬಿಸಿ. ಪ್ರೀತಿಯಿಂದ ನಾನು ಕೊಡುತ್ತಿದ್ದ ಆ ಉತ್ತರವೇ ಕಾಯಿಲೆಗೆ ಊಟ ಅಂತ ಡಾಕ್ಟರ್ ಹೇಳಿದಾಗ ಎದೆ ಒಡೆದ ಹಾಗಾಯಿತು. ಈಗ ಅವನು ಕೇಳಿದರೆ, "ನಿನಗೆ ಕಷ್ಟ ಆಗ್ತದ, ನನಗೆ ಗೊತ್ತದ. ಆದ್ರ ಉತ್ತರ ಹೇಳಂಗಿಲ್ಲ. ಬಾ, ಚಹಾ ಕುಡಿಯೋಣು" ಅನ್ನುತ್ತೇನೆ. ಮೊದಲ ತಿಂಗಳು ಅವನೂ ಅತ್ತ, ನಾನೂ ಅತ್ತೆ. ನಿನ್ನ ಅವ್ವನಿಗೆ ಹೇಳು ತಾಯಿ. ದೇವರಿದ್ದಾನಾ ಅಂತ ಅವರನ್ನು ಕೇಳಬೇಡ. ನನಗೆ ಹಿಂಗೊಂದು ಕಾಯಿಲೆ ಅದ ಅಂತಷ್ಟೇ ಹೇಳು.

ಉತ್ತರ: ಮೈಸೂರಿನಿಂದ

ಎಲ್ಲರೂ ಮನಸ್ಸಿನ ವಿಷಯ ಹೇಳಿದ್ದಾರೆ, ನಾನು ಮಾತ್ರೆ ಬಗ್ಗೆ ಮಾತ್ರ. ಓಸಿಡಿಗೆ ಫ್ಲುಯೊಕ್ಸೆಟಿನ್, ಸರ್ಟ್ರಾಲಿನ್ ಥರದವನ್ನು ಕೊಡುತ್ತಾರೆ. ಪೂರ್ತಿ ಕೆಲಸ ಮಾಡಲು 8ರಿಂದ 12 ವಾರ ಬೇಕು. ಖಿನ್ನತೆಗಿಂತ ಜಾಸ್ತಿ ಡೋಸ್ ಬೇಕಾಗುವುದೂ ಇದೆ. ನಾನು ಮೂರನೇ ವಾರಕ್ಕೇ ಪ್ರಯೋಜನ ಇಲ್ಲ ಅಂತ ಸುಮ್ನೆ ನಿಲ್ಲಿಸಿ ಒಂದು ವರ್ಷ ಹಾಳು ಮಾಡಿಕೊಂಡೆ. ನೀವು ಹಾಗೆ ಮಾಡಬೇಡಿ, ಕಡಿಮೆ ಮಾಡುವುದಾದರೂ ಡಾಕ್ಟರನ್ನು ಕೇಳಿಯೇ ಮಾಡಿ. ಬೆಂಗಳೂರಲ್ಲೇ ಇದ್ದೀರಿ, ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಪ್ರತ್ಯೇಕ ಕ್ಲಿನಿಕ್ ಇದೆ. ರಾತ್ರಿ ತಡೆಯಲಾಗದಷ್ಟು ಆದರೆ, ಅಥವಾ ಸಾಯುವ ಯೋಚನೆ ಬಂದರೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರ ಉತ್ತರ ಓದಿದೆ. ಎರಡನೇ ಸಲ ಓದಬೇಕು ಅನಿಸಿತು, ಯಾಕೆ ಅಂತ ಗೊತ್ತಾಗಿ ನಿಲ್ಲಿಸಿದೆ. ಇವತ್ತು ಶನಿವಾರ, ಪಿಜಿ ಹತ್ತಿರದ ಹನುಮಪ್ಪನ ಗುಡಿಗೆ ಹೋಗಿದ್ದೆ. ಯೋಚನೆ ಬಂತು. ಕೈ ಗಲ್ಲಕ್ಕೆ ಹೋಯಿತು. ನಾಲ್ಕಕ್ಕೆ ನಿಲ್ಲಿಸಿದೆ, 21 ಮಾಡಲಿಲ್ಲ. ಹೊಟ್ಟೆ ತೊಳಸಿದಂತಾಯಿತು. ತೀರ್ಥ ತೊಗೊಂಡು, ಅಲ್ಲೇ ಕಟ್ಟೆ ಮೇಲೆ ಕೂತು ಪ್ರಸಾದ ತಿಂದು ಬಂದೆ. ಇನ್ನೂ ಹೆದರಿಕೆ ಇದೆ. ದೇವರ ಅನುಮಾನದ ವಿಷಯ ಇಷ್ಟು ದಿನ ಡಾಕ್ಟರಿಗೆ ಹೇಳೇ ಇರಲಿಲ್ಲ, ಬರೀ ಗಲ್ಲ ಬಡಿದುಕೊಳ್ಳುವುದನ್ನು ಹೇಳಿದ್ದೆ. ಮಂಗಳವಾರ ಹೋಗುವುದಿದೆ, ಅವತ್ತು ಹೇಳುತ್ತೇನೆ. ಅವ್ವನಿಗೆ ಇವತ್ತು ರಾತ್ರಿ ಫೋನ್ ಮಾಡುತ್ತೇನೆ.