ತಾತನ ಲೆಕ್ಕದ ಪುಸ್ತಕದ ‘ಸೇರು’ 933 ಗ್ರಾಂ ಬರ್ತಿಲ್ಲ, ಎಲ್ಲಿ ತಪ್ಪಿದೆ?

ಪ್ರಶ್ನೆ, ಬಸವನಗುಡಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ತಾತನ ದಿನಸಿ ಅಂಗಡಿ ತರಗುಪೇಟೆಯಲ್ಲಿತ್ತು. ಅವರ 1950ರ ದಶಕದ ಲೆಕ್ಕದ ಪುಸ್ತಕಗಳನ್ನು ಎಕ್ಸೆಲ್‌ಗೆ ಹಾಕುತ್ತಿದ್ದೇನೆ. ತೂಕವನ್ನೆಲ್ಲ ಕೆಜಿಗೆ ಬದಲಾಯಿಸಬೇಕು. ಫೋನಿನ ಕನ್ವರ್ಟರ್ ಪ್ರಕಾರ 1 ಸೇರು 933 ಗ್ರಾಂ, 1 ಮಣ 37.32 ಕೆಜಿ. ಆದರೆ ಪುಸ್ತಕದ ಜೊತೆ ಸಿಕ್ಕ ಹಿತ್ತಾಳೆಯ ಒಂದು ಸೇರಿನ ಬಟ್ಟನ್ನು ಅಡುಗೆಮನೆ ತಕ್ಕಡಿಯಲ್ಲಿಟ್ಟರೆ 278 ಗ್ರಾಂ ತೋರಿಸುತ್ತದೆ. ತಕ್ಕಡಿ ಕೆಟ್ಟಿದೆಯಾ, ಬಟ್ಟೇ ಖೋಟಾನಾ?

ಇನ್ನೊಂದು ಸಾಲು: ‘ಬೆಲ್ಲ 6 ಮಣ, ಮೂಟೆ 1, ಹಮಾಲಿ 2 ಆಣೆ’. ಎಕ್ಸೆಲ್ ಇದನ್ನು 224 ಕೆಜಿ ಅನ್ನುತ್ತಿದೆ.

ಉತ್ತರ

ಮೊದಲು ತಕ್ಕಡಿ ಪರೀಕ್ಷೆ ಮಾಡಿ. ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡಿ, ಅರ್ಧ ಲೀಟರ್ ನೀರು ಸುರಿಯಿರಿ. 500 ಗ್ರಾಂ ಹತ್ತಿರ ಬಂದರೆ ತಕ್ಕಡಿ ಸರಿ ಇದೆ. ಮನೆಯಲ್ಲಿ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಇದ್ದರೆ ಅದನ್ನೂ ಇಡಿ. ಅದರ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಸವೆದಿದ್ದರೆ ಸ್ವಲ್ಪ ಕಮ್ಮಿ ಬರುತ್ತದೆ. ಆ ರೂಪಾಯಿಯ ತೂಕವೇ ಒಂದು ತೊಲ.

ಉತ್ತರ, ಮಲ್ಲೇಶ್ವರದಿಂದ

ಬಟ್ಟು ಖೋಟಾ ಅಲ್ಲ, ದಯವಿಟ್ಟು ಬಿಸಾಡಬೇಡಿ! ಅದು ಕಚ್ಚಾ ಸೇರು.

ಸೇರು ಅಂದರೆ ಎಲ್ಲ ಕಡೆ ಒಂದೇ ಅಲ್ಲ. ಕನ್ವರ್ಟರ್‌ಗಳು ಹಿಡಿಯುವುದು 80 ತೊಲದ ಸೇರನ್ನು. 80 × 11.6638 = 933 ಗ್ರಾಂ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ತೂಕಕ್ಕೆ ಓಡುತ್ತಿದ್ದ ಕಚ್ಚಾ ಸೇರು 24 ರೂಪಾಯಿ ತೂಕದ್ದು. 24 × 11.6638 = 279.9 ಗ್ರಾಂ. ನಿಮ್ಮ ಬಟ್ಟು 278 ಇದೆ ಅಂದರೆ ಇಷ್ಟು ವರ್ಷದ ಸವೆತಕ್ಕೆ ಎರಡು ಗ್ರಾಂ ಹೋಗಿದೆ, ಅಷ್ಟೇ.

ಎರಡು ಪದ್ಧತಿಯಲ್ಲೂ 40 ಸೇರಿಗೆ ಒಂದು ಮಣ. ಜನ ಎಡವುವುದೇ ಇಲ್ಲಿ. ಲೆಕ್ಕದ ಸಾಲು ಎರಡಕ್ಕೂ ಹೊಂದುತ್ತದೆ, ಆದರೆ ಮಣ ಒಂದು ಕಡೆ 37.32 ಕೆಜಿ, ಇನ್ನೊಂದು ಕಡೆ 11.2 ಕೆಜಿ. ಪುಸ್ತಕ ಯಾವುದನ್ನು ಹಿಡಿದಿದೆ ಅಂತ ಪುಸ್ತಕದಿಂದಲೇ ತಿಳಿಯಬೇಕು. ನಿಮ್ಮ ಬೆಲ್ಲದ ಸಾಲನ್ನೇ ನೋಡಿ. ಒಂದೇ ಮೂಟೆಯಲ್ಲಿ 224 ಕೆಜಿ ತುಂಬಿ ಒಬ್ಬ ಹಮಾಲಿ ಹೊರುವುದು ಸಾಧ್ಯವೇ ಇಲ್ಲ ಅಲ್ವಾ? ಕಚ್ಚಾ ಮಣ ಹಿಡಿದರೆ 67 ಕೆಜಿ. ಅದನ್ನು ಹೊರಬಹುದು. ಸೊಗಸಾದ ಸಾಕ್ಷಿ ಅದು.

ಹಾಗಾಗಿ ಎಕ್ಸೆಲ್‌ನಲ್ಲಿ 37.32 ಅಂತ ನೇರ ಬರೆಯಬೇಡಿ. ‘ಸೇರಿಗೆ ಎಷ್ಟು ತೊಲ’ ಅನ್ನುವುದಕ್ಕೆ ಬೇರೆ ಕಾಲಂ ಇಡಿ. ಎಲ್ಲವನ್ನೂ ಮೊದಲು ತೊಲಕ್ಕೆ ತನ್ನಿ, ಆಮೇಲೆ 11.6638ರಿಂದ ಗುಣಿಸಿ. ನಾಳೆ ಬೇರೆ ಊರಿನ ಪುಸ್ತಕ ಸಿಕ್ಕರೂ ಒಂದು ಅಂಕಿ ಬದಲಿಸಿದರೆ ಸಾಕು.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. 500 ಮಿಲಿ ನೀರು 499 ತೋರಿಸಿತು, ತಕ್ಕಡಿ ಸರಿ ಇದೆ. ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿ ಎಲ್ಲ ಈಗ ಕೂಡಿ ಬರುತ್ತಿವೆ. ಅಕ್ಕಿ ಮಾತ್ರ ಇಲ್ಲ. ‘ಅಕ್ಕಿ 2 ಸೇರು 1 ಪಾವು’ ಅನ್ನುವುದಕ್ಕೆ 630 ಗ್ರಾಂ ಬರುತ್ತದೆ, ಬೆಲೆ ನೋಡಿದರೆ ತೀರಾ ಕಮ್ಮಿ.

ಉತ್ತರ, ಮಲ್ಲೇಶ್ವರದಿಂದ

ಅದು ತೂಕವೇ ಅಲ್ಲ, ಅಳತೆ. ಅಕ್ಕಿ, ರಾಗಿ, ಕಾಳುಗಳನ್ನು ಪಾತ್ರೆಯಲ್ಲಿ ಅಳೆದು ಕೊಡುತ್ತಿದ್ದರು. ನಾಲ್ಕು ಪಾವಿಗೆ ಒಂದು ಸೇರು. ಸಾಲಿನಲ್ಲಿ ಪಾವು, ಕೊಳಗ ಕಂಡರೆ ಅಳತೆಯ ಸೇರು ಅಂತಲೇ ಮೊದಲು ಅನುಮಾನಪಡಿ.

ಇದಕ್ಕೆ ತೊಲದ ಸೂತ್ರ ನಡೆಯಲ್ಲ. ಒಂದೇ ಪಾವಿನಲ್ಲಿ ಅಕ್ಕಿ ತುಂಬಿದರೆ ಒಂದು ತೂಕ, ಅವಲಕ್ಕಿ ತುಂಬಿದರೆ ಇನ್ನೊಂದು. ತಾತನ ಪಾವು ಮನೆಯಲ್ಲಿದ್ದರೆ ಅಂಚಿನವರೆಗೆ ನೀರು ತುಂಬಿ ತೂಗಿ. ಎಷ್ಟು ಗ್ರಾಂ ನೀರೋ ಅಷ್ಟು ಮಿಲಿಲೀಟರ್. ಆಮೇಲೆ ಅದರಲ್ಲೇ ಅಕ್ಕಿ ತುಂಬಿ, ಮೇಲೆ ಬೆರಳಾಡಿಸಿ ಸಮ ಮಾಡಿ ತೂಗಿ. ರಾಶಿ ಅಳತೆಯಾದರೆ ಜಾಸ್ತಿ ಬರುತ್ತದೆ, ಆದ್ದರಿಂದ ಎರಡನ್ನೂ ಬರೆದಿಡಿ. ಎಕ್ಸೆಲ್‌ನಲ್ಲಿ ಅಳತೆಗೆ ಲೀಟರ್ ಕಾಲಂ ಬೇರೆಯೇ ಇರಲಿ.

ಉತ್ತರ, ನಗರ್ತಪೇಟೆಯಿಂದ

ಪುಸ್ತಕದಲ್ಲಿ ಚಿನ್ನದ ಲೆಕ್ಕವೂ ಇದ್ದರೆ ಒಂದು ಎಚ್ಚರ. ಈಗ ಅಂಗಡಿಗಳಲ್ಲಿ ತೊಲ ಅಂದರೆ ಸುಮಾರು ಕಡೆ 10 ಗ್ರಾಂ ಅಂತಲೇ ಹಿಡಿಯುತ್ತಾರೆ. ನಿಮ್ಮ ಪುಸ್ತಕದ ತೊಲ 11.66 ಗ್ರಾಂ. 3 ತೊಲದ ಸರ ಅಂದರೆ 30 ಅಲ್ಲ, 35 ಗ್ರಾಂ. ಐದು ಗ್ರಾಂ ಚಿನ್ನ ಸುಮ್ನೆ ಬಿಡುವಂಥದ್ದಲ್ಲ. ಗುಂಜಿ ಅಂತ ಬರೆದಿದ್ದರೆ 96 ಗುಂಜಿಗೆ ಒಂದು ತೊಲ ಹಿಡಿಯಿರಿ.

ಪ್ರಶ್ನೆ ಕೇಳಿದವರು

ಕೊನೆಯ ಪುಸ್ತಕದಲ್ಲಿ ನಯಾ ಪೈಸೆ ಇದೆ, ಆದರೆ ತೂಕ ಇನ್ನೂ ಸೇರು. ಇದು ಹೇಗೆ?

ಉತ್ತರ, ಮಲ್ಲೇಶ್ವರದಿಂದ

ಸರಿಯಾಗೇ ಇದೆ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಮೆಟ್ರಿಕ್ ತೂಕ 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಬಂತು, ದೇಶಕ್ಕೆಲ್ಲ ಕಡ್ಡಾಯವಾದದ್ದು 1962ರ ಏಪ್ರಿಲ್‌ನಲ್ಲಿ. ನಡುವಿನ ವರ್ಷಗಳಲ್ಲಿ ಹೊಸ ದುಡ್ಡು, ಹಳೇ ಬಟ್ಟು ಎರಡೂ ಒಟ್ಟಿಗೆ ಓಡಿವೆ. ಆ ಪುಸ್ತಕದಲ್ಲಿ ಕೆಜಿ ಮೊದಲು ಕಾಣುವ ತಾರೀಖು ಹುಡುಕಿ. ಅಲ್ಲಿಗೆ ಸೂತ್ರ ನಿಲ್ಲಿಸಿ.