ಸ್ಟಾರ್ಚ್ ಹಾಲಿನ ಟ್ಯಾಂಕಲ್ಲಿ ಸ್ಪೀಡ್ ಏರಿಸಿದ್ರೆ ಮೋಟ್ರು ಟ್ರಿಪ್ ಆಗ್ತತಿ, ಯಾಕೆ?

ದಾವಣಗೆರೆ_ಫಿಟ್ಟರ್:
ದಾವಣಗೆರೆ ಹತ್ರ ಮೆಕ್ಕೆಜೋಳದ ಸ್ಟಾರ್ಚ್ ಯೂನಿಟ್ಟಲ್ಲಿ ಮೆಂಟೆನೆನ್ಸ್ ನೋಡ್ತೀನಿ. ಸ್ಟಾರ್ಚ್ ಹಾಲು (ಸ್ಟಾರ್ಚ್ ಕಣ ಬೆರೆತ ನೀರು) 21-22 ಬಾಮೆ (ಸಾಂದ್ರತೆಯ ಅಳತೆ) ಇದ್ದಾಗ ಸಲೀಸಾಗಿ ಹೋಗ್ತತಿ, ಆದ್ರೆ ಕರೆಂಟ್ ಹೋಗಿ ಅಜಿಟೇಟರ್ (ಕಲಕೋ ಯಂತ್ರ) ನಿಂತ್ರೆ ತಳದಾಗ ಗಟ್ಟಿಯಾಗಿ ಕೂತ್ಬಿಡ್ತತಿ, ಆಮೇಲೆ ಆನ್ ಮಾಡಿದ್ರೆ ಆಂಪ್ಸ್ ಏರಿ ಟ್ರಿಪ್. ಸ್ಕ್ರೂ ಪಂಪಿನ ಕತೆನೂ ಅಷ್ಟೇ, ನಿಧಾನ ಓಡಿಸಿದ್ರೆ ಎಳೀತತಿ, ವಿಎಫ್‌ಡಿಲಿ (ಮೋಟ್ರಿನ ಸ್ಪೀಡ್ ಬದಲಿಸೋ ಡ್ರೈವ್) ಸ್ಪೀಡ್ ಏರಿಸಿದ ಕೂಡ್ಲೆ ಕಿರ್ರಂತ ಸದ್ದು. ಶಿಫ್ಟಿನವ್ರು ಬಿಸಿನೀರು ಬಿಡಣ, ಸ್ಪೀಡ್ ಏರಿಸಣ ಅಂತಾರೆ. ಗೇರ್‌ಬಾಕ್ಸ್ ಮುರಿದ್ರೆ ಪ್ಲಾಂಟೇ ನಿಲ್ಲತತಿ, ಅದಕ್ಕೆ ಕೇಳ್ತಿದೀನಿ.

ದುರ್ಗದ_ಮೈನ್ಸ್:
ನಾನು ಚಿತ್ರದುರ್ಗದ ಕಡೆ ಕಬ್ಬಿಣದ ಅದಿರು ತೊಳೆಯೋ ಪ್ಲಾಂಟಲ್ಲಿ ಇದೀನಿ. ನಮ್ ತಿಕ್ನರ್ (ಕೆಸರು ತಳಕ್ಕೆ ಇಳಿಸೋ ದೊಡ್ಡ ತೊಟ್ಟಿ) ತಳದ ಕೆಸರು ನಿಂತ್ರೆ ಮೊಸರಿನ ಹಂಗೆ ಗಟ್ಟಿ ಆಗ್ತೈತೆ, ಒಂದ್ಸಲ ಜೋರಾಗಿ ತಳ್ಳಿದ್ರೆ ಮಾತ್ರ ತೆಳುವಾಗಿ ಹರಿಯೋಕೆ ಶುರು ಆಗ್ತೈತೆ. ಪೈಪಲ್ಲಿ ವೇಗ ಇಳಿಸಿದ್ರೆ ದಪ್ಪ ಕಣ ತಳಕ್ಕೆ ಕೂತು ಲೈನ್ ಜಾಮ್. ನಿಮ್ದೂ ಹಂಗೇ ಇರ್ಬೇಕು, ಸ್ಪೀಡ್ ಏರಿಸಿ ನೋಡಿ.

ಪ್ರೊಸೆಸ್_ಅಕ್ಕ:
ದಯವಿಟ್ಟು ಏರಿಸಬೇಡಿ. ಅದಿರಿನ ಕೆಸರಿಗೆ ಮೇಲಿನ ಮಾತು ನೂರಕ್ಕೆ ನೂರು ಸರಿ, ಅಲ್ಲಿ ಸಣ್ಣ ಜೇಡಿ ಕಣಗಳು ಒಂದಕ್ಕೊಂದು ಅಂಟಿ ಬಲೆ ಕಟ್ಟಿರ್ತವೆ, ಆ ಬಲೆ ಕಿತ್ತುಹೋಗೋಕೆ ಶುರುವಲ್ಲಿ ಒಂದು ಕನಿಷ್ಠ ಒತ್ತಡ ಬೇಕು, ಯೀಲ್ಡ್ ಸ್ಟ್ರೆಸ್ ಅಂತೀವಲ್ಲ ಅದೇ, ಬಲೆ ಕಿತ್ತ ಮೇಲೆ ಜೋರು ಮಾಡಿದಷ್ಟೂ ತೆಳು. ಮೆಕ್ಕೆಜೋಳದ ಸ್ಟಾರ್ಚ್ ಇದಕ್ಕೆ ಪೂರ್ತಿ ಉಲ್ಟಾ. ಕಣ ಸುಮಾರು 15 ಮೈಕ್ರಾನ್, ಒಂದಕ್ಕೊಂದು ಅಂಟಲ್ಲ, ನಡುವೆ ತೆಳ್ಳಗೆ ನೀರಿನ ಪದರ ಇರತ್ತೆ. ನಿಧಾನ ತಿರುಗಿಸಿದ್ರೆ ಆ ನೀರಿನ ಮೇಲೆ ಜಾರ್ತವೆ, ಜೋರಾಗಿ ತಿರುಗಿಸಿದ್ರೆ ನೀರು ಹಿಂಡಿ ಹೋಗಿ ಕಣಕ್ಕೆ ಕಣ ಉಜ್ಜಿ ಲಾಕ್ ಆಗ್ತವೆ. ದುಗ್ಗಮ್ಮನ ಜಾತ್ರೇಲಿ ಎಲ್ರೂ ಮೆಲ್ಲಗೆ ನಡೆದ್ರೆ ಜನ ಸಾಗತ್ತೆ, ಒಟ್ಟಿಗೆ ನುಗ್ಗಿದ್ರೆ ಯಾರೂ ಅಲ್ಲಾಡಲ್ಲ, ಹಾಗೆ.

22 ಬಾಮೆ ಅಂದ್ರೆ ತೂಕದಲ್ಲಿ ಸುಮಾರು 39% ಒಣ ಸ್ಟಾರ್ಚ್, ವಾಲ್ಯೂಮ್ ಲೆಕ್ಕದಲ್ಲಿ 30%ರ ಆಸುಪಾಸು, ಅದಕ್ಕೇ ಹಾಲಿನ ಹಂಗೆ ಹರಿಯತ್ತೆ. ತಳದಲ್ಲಿ ಕೂತಿದ್ದು ಹಾಗಲ್ಲ, ಕಣಗಳೇ ಅರ್ಧಕ್ಕಿಂತ ಜಾಸ್ತಿ ಜಾಗ ತುಂಬಿರ್ತವೆ, ಆ ಹಂತದಲ್ಲಿ ಸ್ವಲ್ಪ ನೀರು ಕಮ್ಮಿ ಆದ್ರೂ ವಿಸ್ಕಾಸಿಟಿ (ಹರಿಯೋಕೆ ಇರೋ ತಡೆ) ಹಲವು ಪಟ್ಟು ಜಿಗಿಯತ್ತೆ. ಕ್ರೀಗರ್-ಡೋಹರ್ಟಿ ಸೂತ್ರ (ಕಣ ಜಾಸ್ತಿ ಆದಷ್ಟೂ ವಿಸ್ಕಾಸಿಟಿ ಎಷ್ಟು ಏರತ್ತೆ ಅನ್ನೋ ಲೆಕ್ಕ) ಹಾಕಿ, ಕಣ ತುಂಬೋ ಮಿತಿ 60% ಅಂತ ಇಟ್ಕೊಂಡ್ರೆ, 40%ನಿಂದ 55%ಗೆ ಹೋದಾಗ ಸುಮಾರು 8 ಪಟ್ಟು. ಇದು ನಿಧಾನ ಹರಿವಿನ ಲೆಕ್ಕ ಮಾತ್ರ, ಸ್ಪೀಡಿನ ಏಟು ಇದರ ಮೇಲೆ ಬೇರೆ.

ಮೊದಲು ತಳದಿಂದ ತಣ್ಣೀರು ಬಿಟ್ಟು, ಕಂಪ್ರೆಸರ್ ಗಾಳಿ ಕೊಟ್ಟು ಕೂತಿದ್ದನ್ನ ಸಡಿಲ ಮಾಡಿ, ಆಮೇಲೆ ಅತಿ ಕಡಿಮೆ ಹರ್ಟ್ಸಲ್ಲಿ, ಅಂದ್ರೆ ತುಂಬಾ ಕಡಿಮೆ ಸ್ಪೀಡಲ್ಲಿ, ಅಜಿಟೇಟರ್ ಬಿಟ್ಟು ಬಿಟ್ಟು ತಿರುಗಿಸಿ. ಆ ಸ್ಪೀಡಲ್ಲಿ ಮೋಟ್ರಿನ ಫ್ಯಾನ್ ಗಾಳಿ ಸಾಲಲ್ಲ, ತುಂಬಾ ಹೊತ್ತು ಓಡಿಸಬೇಡಿ. ಬಿಸಿನೀರು ಬೇಡವೇ ಬೇಡ, 62ರಿಂದ 72 ಡಿಗ್ರಿ ಒಳಗೆ ಮೆಕ್ಕೆಜೋಳದ ಸ್ಟಾರ್ಚ್ ಅಂಟಾಗತ್ತೆ, ಆಮೇಲೆ ಟ್ಯಾಂಕ್ ಕೆರೆಯೋದೇ ಕೆಲಸ. ಯಾರನ್ನೂ ಟ್ಯಾಂಕ್ ಒಳಗೆ ಇಳಿಸಬೇಡಿ, ಸುಮ್ನೆ ಗುದ್ದಲಿ ಹಿಡ್ಕೊಂಡು ಇಳಿಯೋದನ್ನ ನೋಡಿದ್ರೆ ಹೊಟ್ಟೆ ಉರಿಯತ್ತೆ.

ದುರ್ಗದ_ಮೈನ್ಸ್:
ಹಂಗಾದ್ರೆ ಯಾವ್ದು ಯಾವ ಜಾತಿ ಅಂತ ಪ್ಲಾಂಟಲ್ಲೇ ಕಂಡ್‌ಹಿಡಿಯೋದು ಹೆಂಗೆ ಅಕ್ಕಾ, ನಮ್ಮಲ್ಲಿ ವಿಸ್ಕೋಮೀಟರ್ ಇಲ್ಲ.

ಪ್ರೊಸೆಸ್_ಅಕ್ಕ:
ವಿಎಫ್‌ಡಿ ಡಿಸ್‌ಪ್ಲೇಲಿ ಟಾರ್ಕ್ (ತಿರುಗಿಸೋ ಬಲ) ಬರತ್ತಲ್ಲ, ಅದೇ ಸಾಕು. ಅದೇ ಟ್ಯಾಂಕು, ಅದೇ ಮಟ್ಟ, ಮೂರ್ನಾಲ್ಕು ಸ್ಪೀಡಲ್ಲಿ ಬರ್ಕೊಳ್ಳಿ. ನಿಮ್ಮ ಕೆಸರಲ್ಲಿ ಸ್ಪೀಡ್ ಡಬಲ್ ಆದ್ರೂ ಟಾರ್ಕ್ ಅಷ್ಟೊಂದು ಏರಲ್ಲ, ಸ್ಟಾರ್ಚ್ ಗಟ್ಟಿ ಇದ್ರೆ ಒಂದು ಸ್ಪೀಡ್ ದಾಟಿದ ಮೇಲೆ ಟಾರ್ಕ್ ನೆಟ್ಟಗೆ ಮೇಲಕ್ಕೆ.

ದಾವಣಗೆರೆ_ಫಿಟ್ಟರ್:
ಭಾಳ ಉಪಕಾರ ಅಕ್ಕಾರೆ. ಈ ಶಟ್‌ಡೌನಲ್ಲಿ ಫ್ಲಶ್ ನೀರಿನ ಲೈನ್ ಹಾಕ್ತೀವಿ, ಪಂಪಿನ ಸಕ್ಷನ್ (ಎಳ್ಕೊಳ್ಳೋ) ಕಡೆ ಕೊಡ್ಲಾ ಡೆಲಿವರಿ (ಹೊರಗೆ ತಳ್ಳೋ) ಕಡೆ ಕೊಡ್ಲಾ?

ಪ್ರೊಸೆಸ್_ಅಕ್ಕ:
ಎರಡೂ ಕಡೆ ಕೊಡಿ, ಒಂದೇ ಆಗೋದಾದ್ರೆ ಸಕ್ಷನ್. ನಿಮ್ಮ ಕಿರ್ರಂತ ಸದ್ದು ಬಹುಶಃ ಅಲ್ಲಿಂದಲೇ, ಗಟ್ಟಿ ಹಾಲು ಬೇಗ ಒಳಗೆ ಬರದೆ ಪಂಪ್ ಒಣಗಿ ಓಡ್ತಿರತ್ತೆ, ಹಂಗೇ ಬಿಟ್ರೆ ಸ್ಟೇಟರ್ ರಬ್ಬರ್ (ಸ್ಕ್ರೂ ಸುತ್ತ ಇರೋ ಕವಚ) ಸುಡತ್ತೆ. ಸಕ್ಷನ್ ಪೈಪ್ ದಪ್ಪ ಮಾಡಿ, ಬೆಂಡ್ ಕಮ್ಮಿ ಮಾಡಿ, ಮತ್ತೆ ಜನರೇಟರ್ ಲೋಡಲ್ಲಿ ಮೊದಲ ಜಾಗ ಅಜಿಟೇಟರಿಗೆ ಕೊಡಿಸಿ.